ಹೂಂ

"ಅಕ್ಕೋರೇ, ಕತೆ ಚಪ್ಪಲಿ ಆಗೂದು ಖರೇನಾ?"

ಕೇಳಿದವನು ಹಿಂದಿನ ಬೆಂಚಿನ ಹುಡುಗ. ಏಳನೇ ತರಗತಿ, ಬಿಸಿಯೂಟ ಮುಗಿದ ಮೇಲಿನ ಮೊದಲ ಅವಧಿ. ಹೊರಗೆ ಆಷಾಢದ ಮಳೆ. ಕಾರವಾರದ ಬಳಿಯ ಬಿಣಗಾದ ಗುಡ್ಡದಿಂದ ಇಳಿದ ಕೆಂಪು ನೀರು ಶಾಲೆಯ ಪಕ್ಕದ ಗಟಾರದಲ್ಲಿ ಸದ್ದು ಮಾಡುತ್ತ ಹರಿಯುತ್ತಿತ್ತು. ನಾನು ಆಗಷ್ಟೇ ಒಂದು ಕತೆ ಹೇಳಿ ಮುಗಿಸಿ, ಕಪ್ಪುಹಲಗೆಯ ಕಡೆ ತಿರುಗಿ, ಜನಪದ ಕತೆಯ ಲಕ್ಷಣಗಳು ಎಂದು ಬರೆದು ಕೆಳಗೊಂದು ಗೆರೆ ಎಳೆದಿದ್ದೆ.

ಕತೆ ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡೂ ಗೊತ್ತಿತ್ತು. ಎರಡನ್ನೂ ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಕೂತು ಕೂತು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ನಿದ್ದೆ ಹೋಗಿದ್ದಾಗ ಕತೆ ಹೊರಗೆ ಜಿಗಿದು ಬಾಗಿಲ ಬಳಿ ಒಂದು ಜೊತೆ ಚಪ್ಪಲಿಯಾಯಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಮನೆಗೆ ಬಂದ, ಇವು ಯಾರವು ಎಂದು ಕೇಳಿದ. ಅವಳಿಗೆ ಗೊತ್ತಿದ್ದರಲ್ಲವೇ ಹೇಳುವುದು? ಜಗಳವಾಯಿತು. ಅವನು ಕಂಬಳಿ ಹೊದ್ದುಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ರಾತ್ರಿ ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಅದೇ ಗುಡಿಯಲ್ಲಿ ಬಂದು ಸೇರುತ್ತಿದ್ದವು. ಆ ದಿನ ಒಂದು ದೀಪ ತಡವಾಗಿ ಬಂತು. ಯಾಕೆಂದು ಉಳಿದವು ಕೇಳಿದಾಗ, ನಮ್ಮ ಮನೆಯಲ್ಲಿ ಜಗಳ, ಆರಿಸುವುದೇ ತಡವಾಯಿತು ಎಂದು ಅದು ನಡೆದದ್ದನ್ನೆಲ್ಲ ಹೇಳಿತು. ಕೇಳಿಸಿಕೊಂಡ ಗಂಡ ಬೆಳಗಾಗುತ್ತಲೇ ಮನೆಗೆ ಹೋಗಿ, ನಿನ್ನ ಕತೆ ಯಾವುದು, ನಿನ್ನ ಹಾಡು ಯಾವುದು ಎಂದು ಕೇಳಿದ. ಅವಳು ಅಂದಳು: ಯಾವ ಕತೆ, ಯಾವ ಹಾಡು?

ಎ.ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿ ಲೋಕಕ್ಕೆ ತೋರಿಸಿದ ಕತೆ ಇದು. ದೀಪಗಳು ಗುಡಿಯಲ್ಲಿ ಸೇರಿ ಮಾತಾಡುವ ಭಾಗವನ್ನು ಗಿರೀಶ ಕಾರ್ನಾಡರು 1988ರ 'ನಾಗಮಂಡಲ' ನಾಟಕದ ಬಾಗಿಲಲ್ಲೇ ಹಚ್ಚಿಟ್ಟರು. ನಾನಿದನ್ನು ಆರಿಸಿಕೊಂಡದ್ದು ಕತೆ ಚಿಕ್ಕದು, ಲಕ್ಷಣಗಳೆಲ್ಲ ಕೈಗೆ ಸಿಗುತ್ತವೆ ಎಂಬ ಕಾರಣಕ್ಕೆ. ಹಲಗೆಯ ಮೇಲೆ ಎಂಟು ಕಾಲಂ ಹಾಕಿದ್ದೆ: ಪಾತ್ರ, ಸ್ಥಳ, ಕಾಲ, ಸಮಸ್ಯೆ, ಪುನರಾವರ್ತನೆ, ಅದ್ಭುತ, ಪರಿಹಾರ, ನೀತಿ. ಚಪ್ಪಲಿ ಆರನೇ ಕಾಲಮ್ಮಿಗೆ ಹೋಗಬೇಕಿತ್ತು. ಆದರೆ ಖರೇನಾ ಎಂಬ ಪ್ರಶ್ನೆಗೆ ಒಂಬತ್ತನೇ ಕಾಲಂ ಇರಲಿಲ್ಲ.

"ಅದು ಕಾಲ್ಪನಿಕ" ಅಂದೆ. ಹುಡುಗ ಕೂತುಕೊಂಡ. ಅವನ ಮುಖದ ಮೇಲಿನ ಬೆಳಕೂ ಕೂತಿತು. ಪ್ರಶ್ನೆಗೆ ಉತ್ತರ ಸಿಕ್ಕಿದಾಗ ಮಕ್ಕಳ ಮುಖ ಹಾಗಾಗುವುದಿಲ್ಲ. ಪ್ರಶ್ನೆಯನ್ನು ಕಿತ್ತುಕೊಂಡಾಗ ಹಾಗಾಗುತ್ತದೆ.

ನಾನು ಅಂಕೋಲೆಯ ಕಡೆಯವಳು. ದಿನವೂ ಬಸ್ಸು. ಅವರ್ಸಾ, ಅಮದಳ್ಳಿ, ತೋಡೂರು, ಚೆಂಡಿಯಾ ದಾಟಿ ಅರಗಾ ಬಂದಾಗ ಎಡಗಡೆಗೆ ಕಡಲಿರಬೇಕಾದ ಜಾಗದಲ್ಲಿ ನೌಕಾನೆಲೆಯ ಗೋಡೆ ಸಾಗುತ್ತ ಹೋಗುತ್ತದೆ. ಅದು ಮುಗಿದರೆ ಬಿಣಗಾ. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಕೆಲವರು ಹಾಲಕ್ಕಿ ಒಕ್ಕಲಿಗರ ಮನೆಯವರು. ಅಪ್ಪಂದಿರು ಕೆಲಸಕ್ಕೆಂದು ಬಂದು ಇಲ್ಲೇ ಬಾಡಿಗೆ ಮನೆ ಹಿಡಿದ ಉತ್ತರದ ಮಕ್ಕಳೂ ಇದ್ದಾರೆ. ಒಂದೇ ಬೆಂಚಿನಲ್ಲಿ ಕತೆ, ಕಾಣಿ, ಕಹಾನಿ ಮೂರೂ ಕೂತಿರುತ್ತವೆ. ಇಂಥ ಕಡೆ ಜನಪದ ಕತೆ ಕಲಿಸುವುದು ಸುಲಭ ಅಂದುಕೊಂಡವಳು ನಾನು. ಎಲ್ಲರ ಮನೆಯಲ್ಲೂ ಅಜ್ಜಿ ಇದ್ದಾಳಲ್ಲ.

ಆ ಸಂಜೆ ಬಸ್ಸಿನಲ್ಲಿ ಹುಡುಗನ ಪ್ರಶ್ನೆಯೇ ತಲೆಯಲ್ಲಿತ್ತು. ಕಾಲ್ಪನಿಕ ಎಂದು ಹೇಳಿದರೆ ಸುಳ್ಳು ಎಂದು ಹೇಳಿದಂತೆ, ಮಕ್ಕಳು ಹಾಗೆಯೇ ತಿಳಿಯುತ್ತಾರೆ. ಹಾಗಾದರೆ ಸುಳ್ಳನ್ನು ಯಾಕೆ ಕಲಿಸುತ್ತೀರಿ? ಅದಕ್ಕೆ ನಮ್ಮ ಹತ್ತಿರ ಸಿದ್ಧ ಉತ್ತರವಿದೆ: ಅದರಲ್ಲಿ ನೀತಿ ಇದೆ. ಸಿಪ್ಪೆ ಸುಳ್ಳಾದರೇನು, ತಿರುಳು ಸತ್ಯ.

ಈ ಉತ್ತರ ಇವತ್ತಿನದಲ್ಲ. ವೇದದೊಳಗಿನ ಕತೆಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ವೇದವಾಕ್ಯಗಳ ಅರ್ಥ ಬಿಡಿಸುತ್ತಿದ್ದ ಮೀಮಾಂಸಕರಿಗೆ ಎದುರಾಗಿತ್ತು. ತೈತ್ತಿರೀಯ ಸಂಹಿತೆಯಲ್ಲಿ ರುದ್ರ ಅತ್ತ ಕತೆ ಬರುತ್ತದೆ. ಅವನ ಕಣ್ಣೀರು ಬಿದ್ದು ಬೆಳ್ಳಿಯಾಯಿತು, ಆದ್ದರಿಂದ ಯಜ್ಞದಲ್ಲಿ ಬೆಳ್ಳಿಯನ್ನು ದಕ್ಷಿಣೆ ಕೊಡಬಾರದು ಎಂದು ಮುಂದುವರಿಯುತ್ತದೆ. ದೇವರು ಅತ್ತದ್ದು ನಿಜವೇ, ಕಣ್ಣೀರು ಬೆಳ್ಳಿಯಾಗುತ್ತದೆಯೇ ಎಂದು ಕೇಳಿದರೆ ಮೀಮಾಂಸಕರು ಹೇಳುವುದು ಇಷ್ಟು: ಇದು ಅರ್ಥವಾದ. ಕೊಡಬಾರದು ಎಂಬ ವಿಧಿ-ನಿಷೇಧಕ್ಕೆ ಒತ್ತಾಸೆಯಾಗಿ ಬಂದ ಮಾತು, ಅದಕ್ಕೆ ಸ್ವತಂತ್ರವಾದ ಪ್ರಾಮಾಣ್ಯ ಬೇಕಿಲ್ಲ. ಕತೆ ಆಜ್ಞೆಯ ಸೇವಕ. ನನ್ನ ಎಂಟನೇ ಕಾಲಂ ಇದೇ ತರ್ಕದ್ದು. ಮೀಮಾಂಸೆಗೆ ಮೂಲವಾದ ಜೈಮಿನಿಯ ಸೂತ್ರಗಳನ್ನು ಹೆಸರಿಗೂ ಕೇಳದ ನಾವು ಎಲ್ಲ ಮೇಷ್ಟರು, ಅಕ್ಕೋರುಗಳು ಅವನ ಶಿಷ್ಯರಾಗಿಯೇ ಕತೆ ಕಲಿಸುತ್ತೇವೆ.

ಆ ತರ್ಕ ಬಿಗಿಯಾದದ್ದು, ಅದರ ಮೇಲೆ ನನಗೆ ಗೌರವವಿದೆ. ಆದರೆ ಬೆಳ್ಳಿ ದಕ್ಷಿಣೆಯ ನಿಷೇಧ ಯಾರಿಗೆ ನೆನಪಿದೆ? ಅತ್ತ ದೇವರು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಏಳನೆಯವರನ್ನು ಮಾರನೇ ದಿನ ಕೇಳಿದೆ. ನೀತಿ ಏನು? ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಒಬ್ಬಳು "ಬಾಯಿ ಮುಚ್ಚಿ ಮಲಗಬೇಕು" ಅಂದಳು, ನಿಜವಾದ ಕಾಳಜಿಯಿಂದಲೇ ಅಂದಳು. ಚಪ್ಪಲಿ ಎಲ್ಲಿತ್ತು, ಕೋಟು ಎಲ್ಲಿತ್ತು, ದೀಪ ಯಾಕೆ ತಡವಾಯಿತು? ಮೂವತ್ತೂ ಜನಕ್ಕೆ ನೆನಪಿತ್ತು. ಸೇವಕ ಉಳಿದಿದ್ದ, ಒಡೆಯ ಇರಲಿಲ್ಲ.

ಅಂದಿನಿಂದ ಎಂಟನೇ ಕಾಲಂ ಅಳಿಸಿದೆ. ಉಳಿದ ಏಳನ್ನು ಬಿಡಲಿಲ್ಲ. ಲಕ್ಷಣ ಕಲಿಸುವುದನ್ನು ಹಗುರವಾಗಿ ಕಾಣುವವರಿದ್ದಾರೆ, ಹೂವಿನ ಎಸಳು ಕಿತ್ತು ಪರಿಮಳ ಹುಡುಕುವ ಕೆಲಸ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. 1928ರಲ್ಲಿ ವ್ಲಾದಿಮಿರ್ ಪ್ರಾಪ್ ರಷ್ಯದ ನೂರು ಕತೆಗಳನ್ನು ಬಿಡಿಸಿಟ್ಟು ಮೂವತ್ತೊಂದು ಕ್ರಿಯೆಗಳನ್ನೂ ಏಳು ಬಗೆಯ ಪಾತ್ರಗಳನ್ನೂ ಹೆಸರಿಸಿದರು. ಮನೆ ಬಿಡುವುದು, ನಿಷೇಧ, ನಿಷೇಧ ಮುರಿಯುವುದು, ಪರೀಕ್ಷೆ, ಕೊಡುಗೆ, ಮರಳುವುದು. ಇದರ ಹತ್ತರಲ್ಲೊಂದು ಪಾಲನ್ನು ಹನ್ನೆರಡು ವರ್ಷದ ಮಕ್ಕಳಿಗೆ ಹೇಳಿಕೊಟ್ಟರೂ ಸಾಕು, ಅವರ ಕಣ್ಣಿಗೆ ಒಂದು ಹೊಸ ಚುರುಕು ಬರುತ್ತದೆ. ಹಾಲಕ್ಕಿ ಮನೆಯ ಕತೆಯಲ್ಲೂ ಎಲ್ಲ ಮೂರು ಸಲ, ಕೊಂಕಣಿ ಕಾಣಿಯಲ್ಲೂ ಮೂರು, ಬಿಹಾರದ ಹುಡುಗನ ಕಹಾನಿಯಲ್ಲೂ ಮೂರು. "ಎಲ್ಲರೂ ಒಂದೇ ಕಡೆ ಕಲ್ತದ್ದಾ ಅಕ್ಕೋರೇ?" ಎಂದು ಕೇಳಿದರು. ನಮ್ಮನಮ್ಮಲ್ಲಿ ಏನು ಒಂದು, ಏನು ಬೇರೆ ಎಂದು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಗೊತ್ತಿಲ್ಲ.

ಮುಂದಿನ ವಾರ ಪುಸ್ತಕದಲ್ಲಿ ಇಲ್ಲದ ಒಂದು ಕತೆ ಹೇಳಿದೆ, ನಚಿಕೇತನದು. ಕಠೋಪನಿಷತ್ತು ಎಂದು ಹೇಳಲಿಲ್ಲ. ಒಬ್ಬ ಅಪ್ಪ, ಒಬ್ಬ ಮಗ ಎಂದು ಶುರು ಮಾಡಿದೆ. ಅಪ್ಪ ಯಜ್ಞ ಮಾಡಿ ಇದ್ದುದೆಲ್ಲ ದಾನ ಕೊಡುತ್ತಿದ್ದಾನೆ. ಮಗ ನೋಡುತ್ತಿದ್ದಾನೆ: ಕೊಡುವ ಹಸುಗಳು ಕುಡಿಯುವ ನೀರು ಕುಡಿದು ಮುಗಿಸಿದವು, ಮೇಯುವ ಹುಲ್ಲು ಮೇಯ್ದು ಮುಗಿಸಿದವು, ಕೊಡುವ ಹಾಲು ಕೊಟ್ಟು ಮುಗಿಸಿದವು. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಒಂದು ಸಲ ಕೇಳಿದ, ಎರಡು ಸಲ ಕೇಳಿದ, ಮೂರನೇ ಸಲಕ್ಕೆ ಅಪ್ಪ ಸಿಟ್ಟಾಗಿ ಮೃತ್ಯುವಿಗೆ ಅಂದ. ಹುಡುಗ ಹೊರಟೇಬಿಟ್ಟ. ಯಮ ಮನೆಯಲ್ಲಿರಲಿಲ್ಲ. ಮೂರು ರಾತ್ರಿ ಉಪವಾಸ ಕಾದ. ಬಂದ ಯಮ ಮೂರು ವರ ಕೊಟ್ಟ.

ಅಷ್ಟರಲ್ಲಿ ಮಕ್ಕಳು ಬೆರಳು ಎಣಿಸುತ್ತಿದ್ದರು. ಮನೆ ಬಿಟ್ಟದ್ದು ಆಯಿತು, ದೂರದ ಲೋಕ ಆಯಿತು, ಮೂರು ಸಲ, ಮೂರು ರಾತ್ರಿ, ಮೂರು ವರ, ಆಸೆ ತೋರಿಸಿ ಪರೀಕ್ಷೆ ಮಾಡುವುದು ಆಯಿತು. ಮುಂದಿನ ಬೆಂಚಿನ ಹುಡುಗಿ ಎದ್ದು, "ಅಕ್ಕೋರೇ, ಇದು ಅಜ್ಜಿಕತೆನೇ" ಅಂದಳು.

ಅಜ್ಜಿಕತೆಯೇ ಹೌದು. ಅದಕ್ಕೆ ಪಾಠಾಂತರವೂ ಇದೆ. ತೈತ್ತಿರೀಯ ಬ್ರಾಹ್ಮಣದಲ್ಲಿ ಇದೇ ಹುಡುಗ, ಇದೇ ಅಪ್ಪ, ಇದೇ ಮೂರು ರಾತ್ರಿ. ಆದರೆ ಅಲ್ಲಿ ಮೂರನೇ ವರದಲ್ಲಿ ಹುಡುಗ ಕೇಳುವುದು ಮತ್ತೆ ಮತ್ತೆ ಬರುವ ಸಾವನ್ನು ಗೆಲ್ಲುವ ಬಗೆಯನ್ನು. ಕಠದ ಹುಡುಗ ಕೇಳುವುದೇ ಬೇರೆ: ಸತ್ತ ಮನುಷ್ಯ ಇದ್ದಾನೆ ಎಂದು ಕೆಲವರು, ಇಲ್ಲ ಎಂದು ಕೆಲವರು, ಇದನ್ನು ನನಗೆ ತಿಳಿಸು. ಎಲುಬಿನ ಗೂಡು ಹಾಗೇ ಇದೆ. ಹೇಳುವವನ ಎದೆಯಲ್ಲಿ ಪ್ರಶ್ನೆ ಬದಲಾಯಿತು, ಕತೆ ಅದಕ್ಕೆ ಜಾಗ ಕೊಟ್ಟಿತು. ನಮ್ಮ ನಾಡಿನ ಅತ್ಯಂತ ಆಳವಾದ ತತ್ತ್ವಚರ್ಚೆಯೊಂದು ಕೂತಿರುವುದು ಅಜ್ಜಿಕತೆಯ ಜಗಲಿಯ ಮೇಲೆ. ಜಗಲಿಯನ್ನು ಕಿತ್ತು ಚರ್ಚೆಯನ್ನಷ್ಟೇ ಇಟ್ಟುಕೊಳ್ಳಲು ಆಗುತ್ತದೆಯೇ? ಯಮನ ಬಾಗಿಲಲ್ಲಿ ಹಸಿದು ಕೂತ ಆ ಮೂರು ರಾತ್ರಿ ಇಲ್ಲದೆ ಆ ಪ್ರಶ್ನೆಗೆ ಆ ತೂಕ ಬರುತ್ತಿತ್ತೇ?

ಈ ಕತೆಯಲ್ಲಿ ನನ್ನನ್ನು ಹಿಡಿದಿಟ್ಟ ಮಾತೊಂದಿದೆ. ಹಸುಗಳನ್ನು ಕೊಂಡೊಯ್ಯುವಾಗ ಆ ಹುಡುಗನನ್ನು ಶ್ರದ್ಧೆ ಹೊಕ್ಕಿತು ಎನ್ನುತ್ತದೆ ಉಪನಿಷತ್ತು. ಆಗ ಅವನಿನ್ನೂ ಕುಮಾರ, ನಮ್ಮ ಏಳನೆಯವರ ಪ್ರಾಯದವನೇ ಇರಬೇಕು. ಶಂಕರಾಚಾರ್ಯರು ಭಾಷ್ಯದಲ್ಲಿ ಈ ಶ್ರದ್ಧೆಯನ್ನು ಆಸ್ತಿಕ್ಯಬುದ್ಧಿ ಎಂದು ಬಿಡಿಸಿದ್ದಾರೆ, ಇದೆ ಎಂಬ ಬುದ್ಧಿ. ನಾವು ಅದನ್ನು ನಂಬಿಕೆ ಎಂದು ಇನ್ನೂ ಹಗುರ ಮಾಡಿಕೊಂಡಿದ್ದೇವೆ. ಆದರೆ ಶ್ರದ್ಧೆ ಹೊಕ್ಕ ಮೇಲೆ ಆ ಹುಡುಗ ಮಾಡಿದ್ದೇನು? ತಲೆಯಾಡಿಸಿ ಕೂತನೇ? ಹಸುಗಳು ಬತ್ತಿವೆ ಎಂಬುದನ್ನು ಕಂಡ. ಯಜ್ಞಶಾಲೆ ತುಂಬ ಹಿರಿಯರಿದ್ದರು, ಯಾರೂ ಕಾಣದ್ದನ್ನು, ಕಂಡೂ ಆಡದ್ದನ್ನು ಅವನು ಕಂಡು ಆಡಿದ. ಇದೆ ಎಂಬ ಬುದ್ಧಿಯವನೇ ಕೊನೆಗೆ ಯಮನ ಹತ್ತಿರ ಕೇಳಿದ್ದು ಇದೆಯೋ ಇಲ್ಲವೋ ಎಂದು. ಶ್ರದ್ಧೆ ಅವನ ಸಂಶಯವನ್ನು ಅಳಿಸಲಿಲ್ಲ. ಅದನ್ನು ಹೊತ್ತುಕೊಂಡು ಕೇಳಬೇಕಾದ ಬಾಗಿಲವರೆಗೆ ಅವನನ್ನು ನಡೆಸಿತು.

ನಮ್ಮ ಆಡುಮಾತು ಇದನ್ನು ಉಳಿಸಿಕೊಂಡಿದೆ. ಶ್ರದ್ಧೆಯಿಂದ ಓದು ಎಂದು ಮಗುವಿಗೆ ಹೇಳುವಾಗ ಪುಸ್ತಕವನ್ನು ನಂಬು ಎಂದು ನಾವು ಹೇಳುತ್ತಿಲ್ಲ. ಮನಸ್ಸನ್ನು ಅಲ್ಲಿ ಇಡು ಎನ್ನುತ್ತಿದ್ದೇವೆ. ಆ ಬಡಗಿಯ ಕೆಲಸದಲ್ಲಿ ಶ್ರದ್ಧೆ ಇದೆ ಎನ್ನುತ್ತೇವೆ. ಅವನು ಮರವನ್ನು ನಂಬಿದ್ದಾನೆ ಎಂದು ಯಾರೂ ತಿಳಿಯುವುದಿಲ್ಲ.

ಇದು ಹೊಳೆದ ಮೇಲೆಯೇ ನನಗೆ ನನ್ನ ಅಜ್ಜಿಯ ಕತೆಗಳಲ್ಲಿದ್ದ ಒಂದು ಲಕ್ಷಣ ನೆನಪಾಯಿತು. ಪ್ರಾಪರ ಮೂವತ್ತೊಂದರಲ್ಲೂ ಇಲ್ಲದ್ದು, ನನ್ನ ಕಾಲಮ್ಮುಗಳಲ್ಲೂ ಇಲ್ಲದ್ದು.

ಅಜ್ಜಿ ಸಂಜೆ ಅಬ್ಬಲಿಗೆ ಕಟ್ಟುತ್ತಿದ್ದಳು. ಮಡಿಲಲ್ಲಿ ಹೂವು, ಪಕ್ಕದಲ್ಲಿ ನೀರಲ್ಲಿ ನೆನೆಸಿದ ಬಾಳೆನಾರು. ಎರಡು ಹೂ ಈಚೆ, ಎರಡು ಹೂ ಆಚೆ ಇಟ್ಟು, ನಾರನ್ನು ಸುತ್ತಿ ಬೆರಳಿನಿಂದ ಎಳೆದು ಒಂದು ಗಂಟು. ಒಂದು ಗಂಟಿಗೆ ಒಂದು ಮಾತು. ಆ ಮಾತಿಗೆ ನಾವು ಹೂಂ ಅನ್ನಬೇಕು. ಅಂದರೆ ಮುಂದಿನ ಗಂಟು, ಮುಂದಿನ ಮಾತು. ರಾಜ ಬೇಟೆಗೆ ಹೋದ, ಹೂಂ, ಬಾಯಾರಿತು, ಹೂಂ. ನಾವು ಮೂವರಿದ್ದೆವು, ಯಾರಾದರೂ ಒಬ್ಬರು ಅಂದರೆ ಸಾಕು. ಯಾರೂ ಅನ್ನದಿದ್ದರೆ ಅವಳ ಬೆರಳು ನಿಲ್ಲುತ್ತಿತ್ತು. ತಲೆ ಎತ್ತಿ ನೋಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸುತ್ತಿದ ನಾರನ್ನು ಎಳೆಯದೆ ಹಾಗೇ ಹಿಡಿದುಕೊಂಡು ಕೂರುತ್ತಿದ್ದಳು. ಅರ್ಧ ಗಂಟಿನಲ್ಲಿ ನಿಂತ ಆ ಹೂವು ನೋಡಿ ನಮಗೆ ಎಚ್ಚರವಾಗಿ ಹೂಂ ಅನ್ನುತ್ತಿದ್ದೆವು. ಒಂದು ಸಲ ಎಲ್ಲರೂ ನಿದ್ದೆ ಹೋದೆವು. ಬೆಳಿಗ್ಗೆ ಎದ್ದು, ರಾಜನಿಗೆ ನೀರು ಸಿಕ್ಕಿತೇ ಎಂದು ಕೇಳಿದೆ. "ನೀವು ಹೂಂ ಹೇಳೂದು ಬಿಟ್ಟ ಮೇಲೆ ಸಿಗೂದು ಹೆಂಗೆ?" ಅಂದಳು.

ಆ ಹೂಂಗೆ ಏನರ್ಥ? ರಾಜ ಇದ್ದದ್ದು ನಿಜ ಎಂದು ನಾವು ರುಜು ಹಾಕುತ್ತಿರಲಿಲ್ಲ. ಸುಳ್ಳು ಎಂದು ಗೊತ್ತಿದ್ದೂ ನಟಿಸುತ್ತಿದ್ದೆವೇ, ಅದೂ ಇಲ್ಲ. ನಾನು ಇಲ್ಲಿದ್ದೇನೆ, ನಿನ್ನ ಮಾತು ನನ್ನವರೆಗೆ ಬಂತು, ಮುಂದೆ ನಡೆ, ಅಷ್ಟೇ. ನಿಜವೋ ಸುಳ್ಳೋ ಎಂಬ ಪ್ರಶ್ನೆ ಮಾತು ಮುಗಿದ ಮೇಲಿನದು. ಮಾತು ನಡೆಯಲಿಕ್ಕೇ ಬೇಕಾದದ್ದು ಹೂಂ. ಸಾವಿನ ಮನೆಗೆ ಹೋದ ಹುಡುಗನೊಳಗೆ ಹೊಕ್ಕದ್ದೂ ನನ್ನ ಅಜ್ಜಿಯ ಎದುರು ಕೂತ ನಮ್ಮ ಬಾಯಿಂದ ಬಂದದ್ದೂ ಒಂದೇ ಎಂದು ನಾನು ನಂಬಿದ್ದೇನೆ. ಆ ಕತೆಯ ಹೆಂಗಸಿನ ಕತೆ ಚಪ್ಪಲಿಯಾದದ್ದು ಯಾಕೆ? ಅವಳ ಮನೆಯಲ್ಲಿ ಹೂಂ ಅನ್ನುವವರು ಇರಲಿಲ್ಲ. ಹಿಂದಿನ ಬೆಂಚಿನ ಹುಡುಗನಿಗೆ ನಾನು ಇದನ್ನು ಹೇಳಬೇಕಿತ್ತು. ಅವನು ಕೇಳಿದ್ದೇ ಹೂಂನ ಇನ್ನೊಂದು ರೂಪ, ಕತೆಯೊಳಗೆ ಅಷ್ಟು ಹೊಕ್ಕವನು ಮಾತ್ರ ಹಾಗೆ ಕೇಳಬಲ್ಲ.

ನಮ್ಮ ಜಿಲ್ಲೆಗೆ ಒಂದು ಭಾಗ್ಯವಿದೆ. ಎಲ್.ಆರ್. ಹೆಗಡೆಯವರು, ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳು ಹಳ್ಳಿ ಹಳ್ಳಿ ತಿರುಗಿ ಕತೆ ಹಾಡುಗಳನ್ನು ಬರೆದುಕೊಂಡರು. ಅವರಿಲ್ಲದಿದ್ದರೆ ನನ್ನಂಥವರಿಗೆ ತರಗತಿಯಲ್ಲಿ ಹೇಳಲು ಅರ್ಧದಷ್ಟೂ ಉಳಿಯುತ್ತಿರಲಿಲ್ಲ. ಆದರೆ ಪುಸ್ತಕಕ್ಕೆ ಬಂದ ಕತೆಯಲ್ಲಿ ಹೂಂ ಅಚ್ಚಾಗುವುದಿಲ್ಲ, ಅಚ್ಚು ಮಾಡುವ ಬಗೆಯೂ ಇಲ್ಲ. ಅಂಕೋಲೆಯ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಶಾಲೆಗೆ ಹೋಗದ ಆ ತಾಯಿ ಹಾಡುಗಳನ್ನೆಲ್ಲ ಎದೆಯಲ್ಲೇ ಇಟ್ಟುಕೊಂಡಿದ್ದರು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ಎಷ್ಟು ಹಾಡು ಹೋಯಿತು ಎಂದು ಎಲ್ಲರೂ ಮಾತಾಡಿದರು. ಅವರು ಹಾಡುತ್ತಿದ್ದಾಗ ದನಿ ಸೇರಿಸಿದವರು ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನೂ ನಾವು ಕೇಳಿಕೊಳ್ಳಬೇಕು.

ಆ ತಿಂಗಳ ಮನೆಗೆಲಸ ಹೀಗಿತ್ತು: ಮನೆಯ ಹಿರಿಯರಿಂದ ಒಂದು ಕತೆ ಕೇಳಿ ಬರೆಯಿರಿ, ಏಳು ಕಾಲಂ ತುಂಬಿಸಿ. ಹೆಚ್ಚಿನವರು ಮೊಬೈಲಿನಲ್ಲಿ ನೋಡಿದ್ದನ್ನೇ ತಂದರು. ಓದಿ ಗುರುತು ಹಾಕುತ್ತ ಹೋದೆ. ಮಧ್ಯದ ಸಾಲಿನ ಒಬ್ಬ ಹುಡುಗಿಯ ಹಾಳೆಯಲ್ಲಿ ಕಾಗಕ್ಕ ಗುಬ್ಬಕ್ಕನ ಕತೆ ಇತ್ತು. ಕೊಂಕಣಿಯಲ್ಲಿ ಕೇಳಿ ಕನ್ನಡದಲ್ಲಿ ಬರೆದಿದ್ದಳು. ಕಾಗೆಗೆ ಸೆಗಣಿಯ ಮನೆ, ಗುಬ್ಬಿಗೆ ಗಟ್ಟಿ ಮನೆ. ಮಳೆ ಬಂತು, ಕಾಗೆಯ ಮನೆ ಕೊಚ್ಚಿಕೊಂಡು ಹೋಯಿತು, ಕಾಗೆ ಬಂದು ಗುಬ್ಬಿಯ ಬಾಗಿಲು ಬಡಿಯಿತು. ಎಲ್ಲರಿಗೂ ಗೊತ್ತಿರುವ ಕತೆ. ಗುಬ್ಬಿ ಬೇಗ ಬಾಗಿಲು ತೆಗೆಯುವುದಿಲ್ಲ. ತಡಿ, ಮಗುವಿಗೆ ಸ್ನಾನ ಮಾಡಿಸ್ತಿದ್ದೇನೆ, ತಡಿ, ಕಾಡಿಗೆ ಹಚ್ಚುತ್ತಿದ್ದೇನೆ, ತಡಿ, ಮಲಗಿಸುತ್ತಿದ್ದೇನೆ. ಪುನರಾವರ್ತನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅವಳ ಹಾಳೆಯಲ್ಲಿ ಪುನರಾವರ್ತನೆ ಎಂಬ ಕಾಲಂ ಖಾಲಿ ಇತ್ತು. ಸ್ಥಳ ಎಂಬಲ್ಲಿ ಒಂದೂರು ಎಂದು ಇರಬೇಕಾದ ಕಡೆ ಅರಗಾ ಎಂದು ಬರೆದಿದ್ದಳು. ಜನಪದ ಕತೆಯಲ್ಲಿ ಸ್ಥಳ ಅನಿರ್ದಿಷ್ಟ ಎಂದು ನಾನೇ ಹಲಗೆಯ ಮೇಲೆ ಬರೆಸಿದ್ದೆ. ಕೆಂಪು ಪೆನ್ನು ಕೈಯಲ್ಲಿತ್ತು. ಅವಳನ್ನು ಹತ್ತಿರ ಕರೆದು ಕೇಳಿದೆ.

"ಆಜಿ ಹಂಗೇ ಹೇಳೂದು. ಅರಗಾದಲ್ಲಿ ಕಾಗೆ ಮನೆ ಇತ್ತು ಅಂತ."

ಅವಳ ಆಜಿ ಇರುವುದು ತೋಡೂರಿನ ಪುನರ್ವಸತಿ ಕಾಲೊನಿಯಲ್ಲಿ. 1986ರಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿದ್ದು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡುವ ಹೊತ್ತಿಗೆ ಕಾರವಾರ ಅಂಕೋಲೆಯ ನಡುವಿನ ಕಡಲಂಚಿನ ಊರುಗಳಿಂದ ಸಾವಿರಾರು ಕುಟುಂಬಗಳು ಎದ್ದಿದ್ದವು. ದೇಶಕ್ಕೆ ಅದು ಬೇಕಿತ್ತು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ನಾನು ದಿನವೂ ಬಸ್ಸಿನಿಂದ ನೋಡುವ ಆ ಗೋಡೆಯ ಆಚೆ ಒಂದು ಮುದುಕಿಯ ಅಂಗಳ ಇತ್ತು ಎಂದು ನನಗೆ ಆ ಕ್ಷಣದವರೆಗೆ ತೋಚಿರಲಿಲ್ಲ. ಒಂದಾನೊಂದು ಊರಿನಲ್ಲಿ ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಹೆಸರಿಲ್ಲದ ಊರು ಕೇಳುವವರೆಲ್ಲರ ಊರಾಗುತ್ತದೆ ಎಂದು ಪಾಠವನ್ನೂ ಮಾಡುತ್ತೇವೆ. ಹೆಸರು ಮಾತ್ರ ಉಳಿದವರು ಅದನ್ನು ಕತೆಯಲ್ಲಲ್ಲದೆ ಇನ್ನೆಲ್ಲಿ ಇಡಬೇಕು?

"ಮತ್ತೆ ಗುಬ್ಬಿ ಮೂರು ಸಲ ತಡಿ ಅನ್ನೂದು ಎಲ್ಲಿ ಹೋಯ್ತು?"

"ಆಜಿ ಕಾಣಿಯಲ್ಲಿ ಇಲ್ಲ ಅಕ್ಕೋರೇ. ಬಾಗ್ಲು ಬಡಿದ ಕೂಡ್ಲೇ ತೆಗೀತದೆ. ನಾನೂ ಕೇಳ್ದೆ, ಟೀವಿಯಲ್ಲಿ ಬೇರೆ ಉಂಟಲ್ಲ ಅಂತ. ಮಳೆ ಇತ್ತಲ್ಲ ಮಗಾ, ನಿಲ್ಲಿಸೂಕೆ ಆಗ್ತದಾ, ಅಂದ್ಲು."

ಕಠದ ಋಷಿ ಮೂರನೇ ವರವನ್ನು ಬದಲಿಸಿದ ಹಾಗೆ ಈ ಮುದುಕಿ ಮೂರು ತಡೆಗಳನ್ನು ತೆಗೆದುಹಾಕಿದ್ದಳು. ಪೆನ್ನಿನ ಮುಚ್ಚಳ ಹಾಕಿದೆ. ಎದುರಿಗೆ ನಿಂತು ಎಲ್ಲರಿಗೂ ಹೇಳು ಎಂದೆ. ಕೊಂಕಣಿಯಲ್ಲೇ ಹೇಳಲಾ ಎಂದು ಕೇಳಿದಳು. ಹೇಳು ಎಂದೆ. ಹೂಂ ಅನ್ನುವ ವಿಷಯವನ್ನು ತರಗತಿಗೆ ಮೊದಲೇ ತಿಳಿಸಿದ್ದೆ. ಮೊದಮೊದಲು ಮೂವತ್ತು ಜನ ಒಟ್ಟಿಗೆ ಪ್ರಾರ್ಥನೆಯ ಹಾಗೆ ಅರಚಿದರು. ಆಮೇಲೆ ಅದು ತಗ್ಗುತ್ತ ಬಂದು ಅಲ್ಲೊಂದು ಇಲ್ಲೊಂದು ದನಿಯಾಯಿತು. ಹಿಂದಿನ ಬೆಂಚಿನ ಹುಡುಗನ ದನಿ ಅದರಲ್ಲಿ ಬೇರೆಯಾಗಿ ಕೇಳುತ್ತಿತ್ತು. ಬಿಹಾರದ ಹುಡುಗನಿಗೆ ಮಾತು ಪೂರ್ತಿ ತಿಳಿಯದಿದ್ದರೂ ಹೂಂ ಅನ್ನುತ್ತಿದ್ದ.

ಮಳೆ ಜೋರಾಯಿತು. ಕಾಗೆ ತನ್ನ ಮನೆ ಇದ್ದ ಜಾಗವನ್ನು ನೋಡುತ್ತ ನಿಂತಿದೆ ಎಂಬಲ್ಲಿಗೆ ಬಂದಿದ್ದಳು. ನನಗೆ ಗೋಡೆಯ ಆಚೆಯ ಅಂಗಳ ಕಣ್ಣಿಗೆ ಕಟ್ಟಿ, ಎಲ್ಲಿದ್ದೇನೆ ಎಂಬುದೇ ಮರೆತಿತ್ತು. ಮಕ್ಕಳೂ ಯಾಕೋ ಸುಮ್ಮನಾಗಿದ್ದರು. ಹುಡುಗಿ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿ ಕಾದಳು.

"ಹೂಂ" ಅಂದೆ.